ಸ್ಟ್ರಾಟೆಜಿ ಬದಲಿಸುವ ಮುಂಚೆ, ಇರುವ ಅಕೌಂಟುಗಳ ಆಡಿಟ್ ಆಗಲಿ

ಬೆಂಗಳೂರಿನ ಬಹಳಷ್ಟು ಸಂಸ್ಥೆಗಳಲ್ಲಿ ಸೋಶಿಯಲ್ ಮೀಡಿಯಾ ಸ್ಟ್ರಾಟೆಜಿ ಬದಲಾಗುವುದು ಹೊಸ ಮಾರ್ಕೆಟಿಂಗ್ ಹೆಡ್ ಬಂದಾಗ, ಇಲ್ಲವೇ ಏಜೆನ್ಸಿ ಬದಲಾದಾಗ. ಎರಡೂ ಆಗದಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಯಾರೋ ಮೊಬೈಲ್ ಮುಂದೆ ಹಿಡಿದು "ಆ ಕಾಲೇಜಿನವರ ರೀಲಿಗೆ ಲಕ್ಷ ವ್ಯೂಸ್ ಬಂದಿದೆ, ನಮ್ಮದಕ್ಕೆ ಯಾಕಿಲ್ಲ?" ಎಂದು ಕೇಳಿರುತ್ತಾರೆ. ಮುಂದಿನ ವಾರದಿಂದ ಪೋಸ್ಟರ್ ಬಂದ್, ರೀಲ್ಸ್ ಶುರು. ಆರು ತಿಂಗಳು ಕಳೆದ ಮೇಲೆ ಇದರಿಂದ ಏನಾದರೂ ಪ್ರಯೋಜನ ಆಯಿತೇ ಎಂದು ಕೇಳಿದರೆ ಹೇಳುವವರಿಲ್ಲ. ಬದಲಿಸುವ ಮುಂಚೆ ಎಷ್ಟಿತ್ತು ಎನ್ನುವುದನ್ನೇ ಯಾರೂ ಬರೆದಿಟ್ಟಿರುವುದಿಲ್ಲ.

ಬದಲಾವಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಎಷ್ಟೋ ಸಂಸ್ಥೆಗಳಲ್ಲಿ ತೊಂದರೆ ಪೋಸ್ಟುಗಳಲ್ಲಿ ಇರುವುದೇ ಇಲ್ಲ. ಬಯೋದಲ್ಲಿನ ಲಿಂಕ್ ಎರಡು ವರ್ಷ ಹಿಂದಿನ ಅಡ್ಮಿಷನ್ ಪೇಜಿಗೆ ಹೋಗುತ್ತಿರುತ್ತದೆ. ಗೂಗಲ್ ಮ್ಯಾಪಿನಲ್ಲಿ ಮುಚ್ಚಿಹೋದ ಬ್ರಾಂಚಿನ ಲ್ಯಾಂಡ್‌ಲೈನ್ ನಂಬರ್ ಹಾಗೇ ಉಳಿದಿರುತ್ತದೆ. ಜನ ಕಳಿಸಿದ ಪ್ರಶ್ನೆಗಳು ಇನ್‌ಸ್ಟಾಗ್ರಾಂನ ಮೆಸೇಜ್ ರಿಕ್ವೆಸ್ಟಿನಲ್ಲಿ ತೆರೆಯದೆ ಬಿದ್ದಿರುತ್ತವೆ. ಇಂಥ ಕಡೆ ಕಂಟೆಂಟ್ ಬದಲಿಸಲು ತಿಂಗಳಿಗೆ ಲಕ್ಷ ರೂಪಾಯಿ ಸುರಿದರೂ ಫೋನ್ ರಿಂಗ್ ಆಗುವುದಿಲ್ಲ. ಐದಾರು ಅಕೌಂಟ್ ಇರುವ ಸಂಸ್ಥೆಗೆ, ಒಬ್ಬರು ಅರ್ಧ ದಿನದ ಲೆಕ್ಕದಲ್ಲಿ ಕೂತರೆ, ಸುಮಾರು ಮೂರು ವಾರದ ಆಡಿಟ್, ಅಂದರೆ ಇರುವ ಅಕೌಂಟುಗಳ ಪೂರ್ತಿ ತಪಾಸಣೆ, ಸಾಕು. ಆ ಮೂರು ವಾರ ಈಗ ನಡೆಯುತ್ತಿರುವುದನ್ನು ಹಾಗೇ ನಡೆಯಲು ಬಿಡಿ. ಅಳೆಯುತ್ತಿರುವಾಗಲೇ ಅಳೆಯುವ ವಸ್ತುವನ್ನು ಬದಲಿಸಿದರೆ ಲೆಕ್ಕ ಕೆಡುತ್ತದೆ.

ಎಷ್ಟು ಅಕೌಂಟ್ ಇವೆ?

"ನಮ್ಮದು ನಾಲ್ಕೇ ಅಕೌಂಟ್" ಎನ್ನುವ ಸಂಸ್ಥೆಗೂ ಹುಡುಕಿದರೆ ಅದಕ್ಕಿಂತ ಹೆಚ್ಚು ಸಿಗುವುದು ಸಾಮಾನ್ಯ. ಹುಡುಕುವ ಕ್ರಮ ಇಷ್ಟೇ. ಸಂಸ್ಥೆಯ ಪೂರ್ತಿ ಹೆಸರು, ಜನ ಕರೆಯುವ ಚಿಕ್ಕ ಹೆಸರು, ಹಳೆಯ ಹೆಸರು, ಕನ್ನಡ ಲಿಪಿಯಲ್ಲಿ ಬರೆದ ಹೆಸರು, ಬ್ರಾಂಚಿನ ಹೆಸರು ಸೇರಿಸಿದ್ದು, ಇವಿಷ್ಟನ್ನೂ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಲಿಂಕ್ಡ್‌ಇನ್, ಎಕ್ಸ್ (ಹಿಂದಿನ ಟ್ವಿಟರ್), ಟೆಲಿಗ್ರಾಂ ಮತ್ತು ಗೂಗಲ್ ಮ್ಯಾಪ್ ಒಳಗೆ ಪ್ರತ್ಯೇಕವಾಗಿ ಹುಡುಕಬೇಕು. ನಮ್ಮ ಊರಿನಲ್ಲಿ ಇನ್ನೊಂದು ಸುತ್ತು ಹೆಚ್ಚು. 2014ರ ನವೆಂಬರ್ 1ಕ್ಕೆ ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಅಧಿಕೃತವಾಗಿ ಬದಲಾಯಿತು. ಅದಕ್ಕಿಂತ ಹಿಂದೆ ತೆರೆದ ಪೇಜುಗಳು 'ಬ್ಯಾಂಗಲೋರ್' ಹೆಸರಿನಲ್ಲೇ ಉಳಿದಿರುವುದುಂಟು, ಆಮೇಲೆ ಬಂದವರು 'ಬೆಂಗಳೂರು' ಎಂದು ಎರಡನೆಯದನ್ನು ತೆರೆದಿರುವುದೂ ಉಂಟು. ಎರಡೂ ಸ್ಪೆಲ್ಲಿಂಗಿನಲ್ಲಿ ಹುಡುಕಿ.

ಫೇಸ್‌ಬುಕ್ಕಿನಲ್ಲಿ ಯಾರೂ ತೆರೆಯದೆ ತಾನಾಗಿ ಹುಟ್ಟಿದ ಪೇಜುಗಳೂ ಇರುತ್ತವೆ. ಜನ ನಿಮ್ಮ ಜಾಗಕ್ಕೆ ಬಂದು ಚೆಕ್-ಇನ್ ಮಾಡಿದಾಗ ಅಲ್ಲಿ ಅಧಿಕೃತ ಪೇಜ್ ಸಿಗದಿದ್ದರೆ ಇಂಥದ್ದು ಆಗುತ್ತದೆ. ಕಾಲೇಜುಗಳಲ್ಲಿ ಫೆಸ್ಟ್ ಅಕೌಂಟಿನ ಕಾಟ ಬೇರೆ. ಪ್ರತಿ ವರ್ಷದ ವಿದ್ಯಾರ್ಥಿ ತಂಡ ಹೊಸದೊಂದು ತೆರೆಯುತ್ತದೆ, ಪಾಸ್‌ವರ್ಡ್ ಆ ಬ್ಯಾಚಿನ ಜೊತೆಗೇ ಗೇಟ್ ದಾಟುತ್ತದೆ, ಕಾಲೇಜಿನ ಲೋಗೋ ಮಾತ್ರ ಅಲ್ಲೇ ಉಳಿಯುತ್ತದೆ.

ಸಂಸ್ಥೆಯದ್ದೋ ಸುತ್ತಲಿನದ್ದೋ ಹೆಸರೇ ಬದಲಾದಾಗ ಈ ಪಟ್ಟಿ ಇನ್ನಷ್ಟು ಮುಖ್ಯ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅದೇ ವರ್ಷ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಈಗ 'ಬೆಂಗಳೂರು ದಕ್ಷಿಣ' ಎಂದರೆ ಲೋಕಸಭಾ ಕ್ಷೇತ್ರವೂ ಹೌದು, ಪಾಲಿಕೆಯೂ ಹೌದು, ಜಿಲ್ಲೆಯೂ ಹೌದು. ಬಡಾವಣೆಯ ನಿವಾಸಿಗಳ ಸಂಘ, ಕೆರೆ ಉಳಿಸುವ ಗುಂಪು, ಕಸ ವಿಂಗಡಣೆ ಮಾಡುವ ಎನ್‌ಜಿಒ ಇಂಥವರ ಪಿನ್ ಮಾಡಿದ ಪೋಸ್ಟು, ಬಯೋ, ಹೈಲೈಟ್ಸ್, ದೂರು ಕಳಿಸುವ ಟೆಂಪ್ಲೇಟು ಎಲ್ಲವೂ ಹಳೆಯ ವ್ಯವಸ್ಥೆಗೆ ತಕ್ಕ ಹಾಗೆ ಬರೆದವು. ಅವನ್ನು ಒಂದೊಂದಾಗಿ ತೆರೆದು ನೋಡುವುದೇ ಅವರ ಆಡಿಟ್‌ನ ಅರ್ಧ ಕೆಲಸ.

ಸಿಕ್ಕಿದ್ದನ್ನೆಲ್ಲ ಒಂದು ಶೀಟಿಗೆ ಹಾಕಿ. ಪೂರ್ತಿ ಲಿಂಕ್, ಯೂಸರ್‌ನೇಮ್, ನೋಂದಾಯಿಸಿದ ಇಮೇಲ್, ನೋಂದಾಯಿಸಿದ ಮೊಬೈಲ್, ಅಡ್ಮಿನ್‌ಗಳ ಹೆಸರು, ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಇದೆಯೋ ಇಲ್ಲವೋ, ಕೊನೆಯ ಪೋಸ್ಟಿನ ತಾರೀಕು, ಫಾಲೋವರ್ ಸಂಖ್ಯೆ, ಈ ಅಕೌಂಟ್ ಯಾರಿಗಾಗಿ ಇದೆ ಎಂಬ ಒಂದು ಸಾಲು. ಕೊನೆಯ ಕಾಲಂ ತುಂಬಲು ಆಗದಿದ್ದರೆ ಅಲ್ಲೇ ಒಂದು ಉತ್ತರ ಸಿಕ್ಕ ಹಾಗೆ. ಪಾಸ್‌ವರ್ಡನ್ನು ಮಾತ್ರ ಈ ಶೀಟಿನಲ್ಲಿ ಬರೆಯಬೇಡಿ, ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇದೆ.

ಕೀಲಿ ಯಾರ ಕೈಯಲ್ಲಿ?

ಸೈಟ್ ತಗೊಳ್ಳುವವರು ಮದರ್ ಡೀಡ್, ಇಸಿ, ಖಾತಾ ನೋಡದೆ ಅಡ್ವಾನ್ಸ್ ಕೊಡುವುದಿಲ್ಲ. ಹತ್ತು ವರ್ಷ ಕಟ್ಟಿ ಬೆಳೆಸಿದ ಪೇಜು ಯಾರ ಹೆಸರಿನಲ್ಲಿದೆ ಎಂದು ನೋಡುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ.

ಮೊದಲ ಅಪಾಯ ಮೊಬೈಲ್ ನಂಬರ್. ಅಕೌಂಟಿನ ಒಟಿಪಿ ಕೆಲಸ ಬಿಟ್ಟುಹೋದವರ ಸಿಮ್ಮಿಗೆ ಹೋಗುತ್ತಿದ್ದರೆ, ಅವರು ಆ ನಂಬರ್ ಬಿಟ್ಟುಕೊಟ್ಟ 90 ದಿನಗಳ ನಂತರ ಅದು ಬೇರೊಬ್ಬ ಗ್ರಾಹಕರಿಗೆ ಹೋಗಬಹುದು. ಆಗ ನಿಮ್ಮ ಪೇಜಿನ ಕೀಲಿ ಗುರುತು ಪರಿಚಯವೇ ಇಲ್ಲದವರ ಕೈಯಲ್ಲಿ. ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್ ಇರಲಿ, ಟೂ-ಫ್ಯಾಕ್ಟರ್‌ಗೆ ಎಸ್‌ಎಂಎಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಇರಲಿ, ಆ ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡುಗಳ ಪ್ರಿಂಟ್ ಅಕೌಂಟ್ಸ್ ವಿಭಾಗದ ಬೀರುವಿನಲ್ಲಿ ಇರಲಿ. ಎಕ್ಸ್ ಅಂತೂ 2023ರ ಮಾರ್ಚ್‌ನಿಂದ ಎಸ್‌ಎಂಎಸ್ ಮೂಲಕದ ಟೂ-ಫ್ಯಾಕ್ಟರನ್ನು ಹಣ ಕಟ್ಟುವವರಿಗಷ್ಟೇ ಉಳಿಸಿದೆ. ಆಗ ಗಮನಿಸದೆ ಬಿಟ್ಟ ಹಳೆಯ ಅಕೌಂಟುಗಳು ಇವತ್ತಿಗೂ ಬರೀ ಪಾಸ್‌ವರ್ಡ್ ಮೇಲೆ ನಿಂತಿರಬಹುದು.

ಎರಡನೆಯದು ಏಜೆನ್ಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದಲ್ಲಿ ಪೇಜು, ಆ್ಯಡ್ ಅಕೌಂಟು, ಪಿಕ್ಸೆಲ್ (ವೆಬ್‌ಸೈಟಿಗೆ ಬಂದವರನ್ನು ಗುರುತಿಸುವ ಕೋಡ್) ಮೂರೂ ಯಾವ ಬಿಸಿನೆಸ್ ಪೋರ್ಟ್‌ಫೋಲಿಯೊ, ಅಂದರೆ ಇವನ್ನೆಲ್ಲ ಒಟ್ಟಿಗೆ ಇಡುವ ಖಾತೆ, ಒಳಗಿವೆ ಎನ್ನುವುದೇ ಮಾಲೀಕತ್ವ. ಏಜೆನ್ಸಿಯವರು ಅನುಕೂಲಕ್ಕೆಂದು ತಮ್ಮ ಪೋರ್ಟ್‌ಫೋಲಿಯೊದಲ್ಲೇ ನಿಮ್ಮ ಆ್ಯಡ್ ಅಕೌಂಟ್ ತೆರೆದಿದ್ದರೆ, ಒಪ್ಪಂದ ಮುಗಿದ ದಿನ ನಿಮ್ಮ ಜಾಹೀರಾತಿನ ಇತಿಹಾಸವೆಲ್ಲ ಅವರ ಬಳಿಯೇ ಉಳಿಯುತ್ತದೆ. ಯಾವ ಜಾಹೀರಾತಿಗೆ ಎಷ್ಟು ಖರ್ಚಾಯಿತು, ಯಾರಿಗೆ ತೋರಿಸಲಾಯಿತು, ಯಾವುದರಿಂದ ವಿಚಾರಣೆ (ಎನ್‌ಕ್ವೈರಿ) ಬಂತು, ಒಂದೂ ನಿಮಗೆ ಸಿಗುವುದಿಲ್ಲ. ಸರಿಯಾದ ಕ್ರಮ ಇದರ ಉಲ್ಟಾ: ಪೋರ್ಟ್‌ಫೋಲಿಯೊ ನಿಮ್ಮದು, ಏಜೆನ್ಸಿಗೆ ಪಾರ್ಟ್‌ನರ್ ಆಕ್ಸೆಸ್ ಮಾತ್ರ. ಇದನ್ನು ಹೊಸ ಏಜೆನ್ಸಿ ಬಂದ ಮೇಲೆ ನೋಡಿದರೆ ತಡವಾಯಿತು. ಹಳೆಯವರ ಕೊನೆಯ ಬಿಲ್ ಪಾವತಿಸುವ ಮುಂಚೆ, ಅವರ ಜೊತೆ ಮಾತುಕತೆ ಚೆನ್ನಾಗಿರುವಾಗಲೇ ಮುಗಿಸಿಕೊಳ್ಳಬೇಕು.

ಯೂಟ್ಯೂಬ್ ಚಾನೆಲ್ ಯಾರದೋ ಸ್ವಂತ ಜಿಮೇಲಿಗೆ ಅಂಟಿಕೊಂಡಿದೆಯೇ, ಹಲವರು ಸೇರಿ ನಡೆಸಬಹುದಾದ ಬ್ರ್ಯಾಂಡ್ ಅಕೌಂಟಿನಲ್ಲಿದೆಯೇ ನೋಡಿ. ಬ್ರ್ಯಾಂಡ್ ಅಕೌಂಟಿನಲ್ಲಿದ್ದರೆ ಹೊಸಬರನ್ನು ಮೊದಲು ಓನರ್ ಮಾಡಿ, ಏಳು ದಿನ ಕಳೆದ ಮೇಲಷ್ಟೇ ಪ್ರೈಮರಿ ಓನರ್ ಮಾಡಲು ಬರುತ್ತದೆ. ಗೂಗಲ್ ಮ್ಯಾಪಿನಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲೂ ಮಾಲೀಕತ್ವ ವರ್ಗಾಯಿಸಲು ಹೊಸಬರು ಏಳು ದಿನ ಕಾಯಬೇಕು. ಆದ್ದರಿಂದ ಈ ಕೆಲಸ ಮೊದಲ ವಾರವೇ ಶುರುವಾಗಬೇಕು, ಸಿಬ್ಬಂದಿ ಕೆಲಸ ಬಿಡುವ ಕೊನೆಯ ದಿನ ಅಲ್ಲ. ಪ್ರತಿ ಅಕೌಂಟಿಗೂ ಪೂರ್ತಿ ಅಧಿಕಾರ ಇರುವವರು ಕನಿಷ್ಠ ಇಬ್ಬರಿರಲಿ, ಇಬ್ಬರೂ ಸಂಸ್ಥೆಯ ಒಳಗಿನವರೇ ಆಗಿರಲಿ.

ಅಂಕಿ ತೆಗೆಯುವುದು, ಅಂಕಿ ನಂಬುವುದು

ಹನ್ನೆರಡು ತಿಂಗಳ ಅಂಕಿ ಬೇಕು. ಮೆಟಾ ಬಿಸಿನೆಸ್ ಸೂಟ್, ಯೂಟ್ಯೂಬ್ ಸ್ಟುಡಿಯೋದ ಅಡ್ವಾನ್ಸ್ಡ್ ಮೋಡ್, ಲಿಂಕ್ಡ್‌ಇನ್ ಪೇಜಿನ ಅನಾಲಿಟಿಕ್ಸ್, ಎಲ್ಲ ಕಡೆಯೂ ಎಕ್ಸ್‌ಪೋರ್ಟ್ ಸೌಲಭ್ಯ ಇದೆ. ಲಿಂಕ್ಡ್‌ಇನ್‌ನಲ್ಲಿ ಸಿಗುವುದೇ ಹಿಂದಿನ 365 ದಿನದ್ದು, ಆದ್ದರಿಂದ ಅದನ್ನು ಮೊದಲು ಇಳಿಸಿಕೊಳ್ಳಿ.

ಹೀಗೆ ಇಳಿಸಿದ ಅಂಕಿಗಳ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಕ್ಯಾಪ್ಷನ್‌ಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸಬಹುದು. ಫೈಲ್ ಕೆಟ್ಟಿಲ್ಲ, ತೆರೆದ ರೀತಿ ತಪ್ಪು. ಡೇಟಾ ಮೆನುವಿನಲ್ಲಿ 'ಫ್ರಂ ಟೆಕ್ಸ್ಟ್/ಸಿಎಸ್‌ವಿ' ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001 ಯುಟಿಎಫ್-8 ಕೊಡಿ. ಆಮೇಲೆ 'ಟ್ರಾನ್ಸ್‌ಫಾರ್ಮ್ ಡೇಟಾ' ಒತ್ತಿ, ತೆರೆಯುವ ಪರದೆಯಲ್ಲಿ ಪೋಸ್ಟ್ ಐಡಿ ಕಾಲಂ ಅನ್ನು 'ಟೆಕ್ಸ್ಟ್' ಎಂದು ಗುರುತಿಸಿ. ಎಕ್ಸೆಲ್ 15 ಅಂಕಿಗಿಂತ ಉದ್ದದ ಸಂಖ್ಯೆಯ ಬಾಲವನ್ನು ಸೊನ್ನೆ ಮಾಡಿಬಿಡುತ್ತದೆ, ಆಮೇಲೆ ಎರಡು ಶೀಟುಗಳ ಪೋಸ್ಟುಗಳನ್ನು ಐಡಿ ನೋಡಿ ಜೋಡಿಸಲು ಹೋದರೆ ಒಂದೂ ತಾಳೆಯಾಗುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಅರ್ಧ ದಿನ ಹಾಳಾಗುವುದು ಇಂಥ ಕಡೆಯೇ.

ಯೂಟ್ಯೂಬ್ ಅನಾಲಿಟಿಕ್ಸಿನಲ್ಲಿ ದಿನ ಎಂದರೆ ಅಮೆರಿಕದ ಪೆಸಿಫಿಕ್ ಸಮಯದ ದಿನ. ಅಲ್ಲಿ ತಾರೀಕು ಬದಲಾಗುವುದು ನಮ್ಮ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಾದರೆ 1:30ಕ್ಕೆ. ರಾಜ್ಯೋತ್ಸವದ ದಿನ ಬೆಳಿಗ್ಗೆ 10ಕ್ಕೆ ಹಾಕಿದ ವಿಡಿಯೋದ ಮೊದಲ ಎರಡು ಮೂರು ಗಂಟೆ ಅಲ್ಲಿ ಅಕ್ಟೋಬರ್ 31ರ ಲೆಕ್ಕಕ್ಕೆ ಸೇರುತ್ತದೆ. 'ಯಾವ ದಿನ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ' ಎಂದು ಲೆಕ್ಕ ಹಾಕುವವರು ಇದನ್ನು ಮರೆತರೆ ಉತ್ತರ ಒಂದು ದಿನ ಆಚೀಚೆ ಆಗುತ್ತದೆ.

ಇನ್ನು ಹಬ್ಬಗಳು. ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸುವುದು ಒಳ್ಳೆಯ ಪದ್ಧತಿಯೇ, ಆದರೆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ದೀಪಾವಳಿ 2023ರಲ್ಲಿ ನವೆಂಬರ್ ಮಧ್ಯದಲ್ಲಿದ್ದರೆ 2025ರಲ್ಲಿ ಅಕ್ಟೋಬರ್ 20ರ ಆಸುಪಾಸು. ಚಿಕ್ಕಪೇಟೆಯ ಸೀರೆ ಅಂಗಡಿಯೋ ಮಲ್ಲೇಶ್ವರದ ಸಿಹಿತಿಂಡಿ ಅಂಗಡಿಯೋ ಮಾರ್ಚ್ ತಿಂಗಳನ್ನು ಮಾರ್ಚ್ ಜೊತೆ ಹೋಲಿಸಿ "ಈ ಸಲ ಭರ್ಜರಿ ಏರಿಕೆ" ಎಂದು ಬರೆದರೆ, ಅದು ಪಂಚಾಂಗದ ಏರಿಕೆ. ಹಬ್ಬದ ಹಿಂದಿನ ಮೂರು ವಾರವನ್ನು ಹಬ್ಬದ ಹಿಂದಿನ ಮೂರು ವಾರದ ಜೊತೆಗೇ ಹೋಲಿಸಬೇಕು.

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಅಳತೆಗೋಲೇ ಬದಲಾಗುವ ಸಂಗತಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೋ ಓಡಲು ಶುರುವಾದರೆ ಸಾಕು ಒಂದು ವ್ಯೂ, ಮತ್ತೆ ಓಡಿದರೆ ಇನ್ನೊಂದು. ಹಳೆಯ ಲೆಕ್ಕ 'ಎಂಗೇಜ್ಡ್ ವ್ಯೂಸ್' ಎಂಬ ಹೆಸರಿನಲ್ಲಿ ಬೇರೆ ಕಡೆ ಸಿಗುತ್ತದೆ. ಇನ್‌ಸ್ಟಾಗ್ರಾಂ 2024ರ ಆಗಸ್ಟ್‌ನಲ್ಲಿ ರೀಲ್, ಫೋಟೋ, ಸ್ಟೋರಿ ಎಲ್ಲಕ್ಕೂ 'ವ್ಯೂಸ್' ಅನ್ನೇ ಮುಖ್ಯ ಅಳತೆ ಮಾಡುವುದಾಗಿ ಹೇಳಿತು. ಫೇಸ್‌ಬುಕ್ಕಿನಲ್ಲಿ ಎಲ್ಲ ವಿಡಿಯೋಗಳೂ ರೀಲ್ಸ್ ಆಗುತ್ತವೆ ಎಂದು ಮೆಟಾ 2025ರ ಜೂನ್‌ನಲ್ಲಿ ಘೋಷಿಸಿತು, ಹಾಗಾಗಿ 'ವಿಡಿಯೋ ಕಡಿಮೆಯಾಯಿತು, ರೀಲ್ಸ್ ಜಾಸ್ತಿಯಾಯಿತು' ಎಂಬ ಚಾರ್ಟಿಗೆ ಅರ್ಥವೇ ಉಳಿದಿಲ್ಲ. ಆಡಿಟ್ ಮಾಡುವವರು ಶೀಟಿನಲ್ಲಿ ಈ ತಾರೀಕುಗಳಲ್ಲಿ ಒಂದು ಗೆರೆ ಎಳೆದು, ಗೆರೆಯ ಆಚೆ ಈಚೆ ಇರುವ ಅಂಕಿಗಳನ್ನು ನೇರವಾಗಿ ಹೋಲಿಸದೆ ಬಿಡಬೇಕು. ಹಾಗೆ ಮಾಡದೆ "ವ್ಯೂಸ್ ದುಪ್ಪಟ್ಟಾಗಿದೆ" ಎಂದು ತೋರಿಸುವ ಪಿಪಿಟಿಗಳೇ ಸ್ಟ್ರಾಟೆಜಿ ಸಭೆಗಳಲ್ಲಿ ತೀರ್ಮಾನ ಮಾಡಿಸುತ್ತಿವೆ ಎನ್ನುವುದು ನಿಜಕ್ಕೂ ಚಿಂತೆಯ ವಿಷಯ.

ಸರಾಸರಿಯನ್ನೂ ನಂಬಬೇಡಿ. ತಿಂಗಳಿಗೆ 20 ಪೋಸ್ಟ್ ಹಾಕಿದ್ದೀರಿ, 19 ಪೋಸ್ಟುಗಳ ರೀಚ್ (ತಲುಪಿದ ಜನರ ಸಂಖ್ಯೆ) ತಲಾ 800, ಒಂದು ಮಾತ್ರ ಹೇಗೋ ಓಡಿ 1,20,000 ಮುಟ್ಟಿದೆ ಎಂದುಕೊಳ್ಳಿ. ಸರಾಸರಿ 6,760 ಎಂದು ಬರುತ್ತದೆ, ಆದರೆ ಅಷ್ಟು ರೀಚ್ ಬಂದ ಪೋಸ್ಟ್ ಒಂದೂ ಇಲ್ಲ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದನ್ನು ತೆಗೆದರೆ 800, ಅದೇ ನಿಮ್ಮ ನಿಜವಾದ ಸ್ಥಿತಿ. ಜನ ಎಷ್ಟು ಸ್ಪಂದಿಸಿದರು ಎಂದು ಹೇಳುವ ಎಂಗೇಜ್‌ಮೆಂಟ್ ರೇಟಿನಲ್ಲೂ ಯಾವುದರಿಂದ ಭಾಗಿಸಿದ್ದಾರೆ ಕೇಳಿ. 120 ಲೈಕು-ಕಾಮೆಂಟುಗಳನ್ನು 40,000 ಫಾಲೋವರ್‌ಗಳಿಂದ ಭಾಗಿಸಿದರೆ 0.3 ಶೇಕಡಾ, 2,000 ರೀಚ್‌ನಿಂದ ಭಾಗಿಸಿದರೆ 6 ಶೇಕಡಾ. ಹಳೆಯ ಏಜೆನ್ಸಿ ಒಂದು ಲೆಕ್ಕ, ಹೊಸ ಏಜೆನ್ಸಿ ಇನ್ನೊಂದು ಲೆಕ್ಕ ಹಾಕಿದರೆ ಏನೂ ಬದಲಾಗದೆಯೇ ಇಪ್ಪತ್ತು ಪಟ್ಟು ಸುಧಾರಣೆ ಕಾಣಿಸುತ್ತದೆ. ದುಡ್ಡು ಕೊಟ್ಟು ಬೂಸ್ಟ್ ಮಾಡಿದ ಪೋಸ್ಟುಗಳನ್ನು ಮೊದಲೇ ಬೇರೆ ಶೀಟಿಗೆ ಹಾಕಿಬಿಡಿ.

ಆಮೇಲೆ ಕೈಯಾರೆ ಗುರುತು ಹಾಕುವ ಕೆಲಸ: ಪ್ರತಿ ಪೋಸ್ಟಿಗೂ ವಿಷಯ ಯಾವುದು, ಭಾಷೆ ಯಾವುದು, ರೂಪ ಯಾವುದು, ಚಿತ್ರದಲ್ಲಿ ಮನುಷ್ಯರಿದ್ದಾರೋ ಬರೀ ಪೋಸ್ಟರೋ. 300 ಪೋಸ್ಟಿಗೆ ತಲಾ ಎರಡು ನಿಮಿಷದಂತೆ ಹತ್ತು ಗಂಟೆ ಬೇಕು. ಅದಕ್ಕಿಂತ ಹೆಚ್ಚಿದ್ದರೆ ಕೊನೆಯ ಮೂರು ತಿಂಗಳದ್ದು ಪೂರ್ತಿ, ಉಳಿದ ತಿಂಗಳುಗಳಿಂದ ಹತ್ತು ಹತ್ತು ಸಾಕು. ಮೊದಲ 30 ಪೋಸ್ಟುಗಳಿಗೆ ಇಬ್ಬರು ಪ್ರತ್ಯೇಕವಾಗಿ ಗುರುತು ಹಾಕಿ ತಾಳೆ ನೋಡಿ. ಒಬ್ಬರಿಗೆ 'ಮಾಹಿತಿ' ಅನ್ನಿಸಿದ್ದು ಇನ್ನೊಬ್ಬರಿಗೆ 'ಜಾಹೀರಾತು' ಅನ್ನಿಸಿದ್ದರೆ ವಿಭಾಗಗಳೇ ಸರಿಯಿಲ್ಲ.

ಕಾಮೆಂಟ್ ಓದಿ, ಪೂರ್ತಿ ಓದಿ

ಆಡಿಟ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

ರಕ್ತಪರೀಕ್ಷೆ ಮಾಡುವ ಒಂದು ಡಯಾಗ್ನೋಸ್ಟಿಕ್ ಲ್ಯಾಬ್ ಇದೆ ಎಂದುಕೊಳ್ಳಿ. ಸೆಪ್ಟೆಂಬರ್ 29, ವಿಶ್ವ ಹೃದಯ ದಿನ. ಕೆಂಪು ಹೃದಯದ ಚಿತ್ರ, ಇಂಗ್ಲಿಷಿನಲ್ಲಿ ಒಂದು ಶುಭಾಶಯ, ಮೂಲೆಯಲ್ಲಿ ಲೋಗೋ. ಲೈಕ್ 14. ಕೆಳಗೆ ಕಾಮೆಂಟುಗಳು: "ಸರ್ ಹೋಂ ಕಲೆಕ್ಷನ್ ಇದ್ಯಾ", "ಆರ್‌ಪಿಸಿ ಲೇಔಟಿಗೆ ಬರ್ತೀರಾ?", "ಸಂಡೇ ಓಪನ್ ಇರತ್ತಾ", "ರಿಪೋರ್ಟ್ ವಾಟ್ಸಾಪಿಗೆ ಕಳಿಸ್ತೀರಾ ಮೇಡಂ". ನಾಲ್ಕಕ್ಕೂ ಪೇಜಿನ ಕಡೆಯಿಂದ ಒಂದೇ ಉತ್ತರ, "ಪ್ಲೀಸ್ ಡಿಎಂ". ಡಿಎಂ, ಅಂದರೆ ಖಾಸಗಿ ಮೆಸೇಜ್, ಮಾಡಿದರೆ ತಾನಾಗಿ ಬರುವ ಇಂಗ್ಲಿಷ್ ಸಂದೇಶ, ಅದರಲ್ಲಿ ಒಂದು ನಂಬರ್, ಆ ನಂಬರ್ ಮಧ್ಯಾಹ್ನ ಒಂದರಿಂದ ಎರಡರವರೆಗೆ ಎತ್ತುವವರಿಲ್ಲ. ವರದಿಯಲ್ಲಿ ಈ ಪೋಸ್ಟ್ 'ಲೋ ಎಂಗೇಜ್‌ಮೆಂಟ್' ಎಂದು ಸೇರುತ್ತದೆ, ಪರಿಹಾರವಾಗಿ 'ರೀಲ್ಸ್ ಮಾಡೋಣ' ಎಂಬ ಸಲಹೆ ಬರುತ್ತದೆ. ಹಣ ಕೊಡಲು ತಯಾರಾಗಿ ಬಂದ ನಾಲ್ವರು ಅಲ್ಲೇ ನಿಂತಿದ್ದಾರೆ. ಅವರಿಗೆ ಬೇಕಾದದ್ದು ರೀಲ್ ಅಲ್ಲ. ಯಾವ ಯಾವ ಏರಿಯಾಕ್ಕೆ ಬರುತ್ತೀರಿ, ಎಷ್ಟು ಗಂಟೆಯಿಂದ, ಎಷ್ಟು ಚಾರ್ಜು ಎಂದು ಕನ್ನಡದಲ್ಲಿ ಬರೆದು ಪಿನ್ ಮಾಡಿದ ಒಂದು ಪೋಸ್ಟು.

ಆದ್ದರಿಂದ ಕೊನೆಯ 100 ಮೆಸೇಜು ಮತ್ತು 100 ಕಾಮೆಂಟು ತೆಗೆಯಿರಿ. ಮೆಸೇಜ್ ರಿಕ್ವೆಸ್ಟ್, ಸ್ಪ್ಯಾಮ್, ಹಿಡನ್ ಕಾಮೆಂಟುಗಳ ಫೋಲ್ಡರುಗಳನ್ನೂ ಬಿಡಬೇಡಿ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆಯಿರಿ: ಏನು ಕೇಳಿದ್ದಾರೆ, ಯಾವ ಭಾಷೆ, ಎಷ್ಟು ಹೊತ್ತಿಗೆ ಬಂತು, ಮನುಷ್ಯರೊಬ್ಬರು ಉತ್ತರಿಸಲು ಎಷ್ಟು ಹೊತ್ತು ಹಿಡಿಯಿತು. ತಾನಾಗಿ ಹೋಗುವ ಉತ್ತರವನ್ನು ಉತ್ತರ ಎಂದು ಲೆಕ್ಕ ಹಾಕಬೇಡಿ. ಮೆಸೇಜುಗಳ ದೊಡ್ಡ ಪಾಲು ಆಫೀಸ್ ಬಿಟ್ಟ ಮೇಲೆ, ಜನ ಮೆಟ್ರೋದಲ್ಲೋ ಮನೆಯಲ್ಲೋ ಇರುವಾಗ ಬರುತ್ತಿದ್ದರೆ, ನಿಮ್ಮ ಪೇಜ್ ನೋಡುವವರು ಆರಕ್ಕೇ ಲಾಗೌಟ್ ಆಗುತ್ತಿದ್ದರೆ, ಬದಲಾಗಬೇಕಾದದ್ದು ಶಿಫ್ಟು.

ಈ ಕೆಲಸವನ್ನು ಹೊಗಳಿಕೆಯೋ ದೂರೋ ಎಂದು ತಾನೇ ವಿಂಗಡಿಸುವ ಸೆಂಟಿಮೆಂಟ್ ಟೂಲಿಗೆ ಒಪ್ಪಿಸಬೇಡಿ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಪದವನ್ನು ಐದು ಬಗೆಯ ಸ್ಪೆಲ್ಲಿಂಗಿನಲ್ಲಿ, ನಡುನಡುವೆ ಹಿಂದಿ, ತಮಿಳು, ತೆಲುಗು ಬೆರೆಸಿ ಬರೆಯುತ್ತಾರೆ. "ಸೂಪರ್ ಸರ್ವಿಸ್ ಗುರು, ಮೂರ್ ಗಂಟೆ ಕೂರ್ಸಿದ್ರಿ" ಎಂಬುದರಲ್ಲಿ ಟೂಲಿಗೆ ಕಾಣುವುದು 'ಸೂಪರ್' ಮತ್ತು 'ಸರ್ವಿಸ್'. ಹೊಗಳಿಕೆ ಎಂದು ಗುರುತು ಹಾಕಿ ಮುಂದೆ ಹೋಗಬಹುದು. ಕನ್ನಡ ಮಾತಾಡುವ, ಕೌಂಟರಿನಲ್ಲಿ ಕೂತು ಗೊತ್ತಿರುವ ಒಬ್ಬರು ಓದಿದರೆ ಇನ್ನೂರು ಸಾಲು ಒಂದು ಮಧ್ಯಾಹ್ನದ ಕೆಲಸ.

ಕನ್ನಡ ಓದಲು ಬರುವ ಹಾಗಿದೆಯೇ?

ಕನ್ನಡ ಪೋಸ್ಟುಗಳು ಓಡುವುದಿಲ್ಲ ಎಂದು ತೀರ್ಮಾನಿಸುವ ಮುಂಚೆ ಅವನ್ನು ಮೊಬೈಲಿನಲ್ಲಿ ತೆರೆದು ನೋಡಿ. ಫೋಟೋಶಾಪಿನ ಹಳೆಯ ಆವೃತ್ತಿಗಳ ಟೈಪ್ ಸೆಟ್ಟಿಂಗಿನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಆಯ್ಕೆ ಆಗಿಲ್ಲದಿದ್ದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ. ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು 'ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್'. ಡಿಸೈನರಿಗೆ ಕನ್ನಡ ಓದಲು ಬರದಿದ್ದರೆ ಅದು ಹಾಗೇ ಅಪ್ಲೋಡ್ ಆಗುತ್ತದೆ. ಇನ್ನು ಕೆಲವರು ನುಡಿ, ಶ್ರೀಲಿಪಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿಸಿಕೊಂಡದ್ದನ್ನು ಕ್ಯಾಪ್ಷನ್ನಿಗೆ ಪೇಸ್ಟ್ ಮಾಡುತ್ತಾರೆ, ಅಲ್ಲಿ ಬರುವುದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಮಾಹಿತಿಯೆಲ್ಲ ಚಿತ್ರದೊಳಗೇ ಇದ್ದು ಕ್ಯಾಪ್ಷನ್ ಖಾಲಿ ಬಿಟ್ಟಿದ್ದರೆ, ಸ್ಕ್ರೀನ್ ರೀಡರ್ ಬಳಸುವ ದೃಷ್ಟಿದೋಷ ಇರುವವರಿಗೆ ಏನೂ ಸಿಗುವುದಿಲ್ಲ. ಒಡೆದ ಅಕ್ಷರದ ಪೋಸ್ಟುಗಳನ್ನು ಲೆಕ್ಕದಿಂದ ಹೊರಗಿಟ್ಟು, ಉಳಿದ ಕನ್ನಡ ಪೋಸ್ಟುಗಳ ಮಧ್ಯದ ಅಂಕಿಯನ್ನು ಇಂಗ್ಲಿಷ್ ಪೋಸ್ಟುಗಳದಕ್ಕೆ ಹೋಲಿಸಿ. ಅದಕ್ಕೂ ಮುಂಚೆ ಭಾಷೆಯ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ಪೋಸ್ಟಿನಿಂದ ಬಾಗಿಲವರೆಗೆ

ಎಲ್ಲ ಅಕೌಂಟುಗಳಲ್ಲಿರುವ ಎಲ್ಲ ಲಿಂಕನ್ನೂ ಒತ್ತಿ, ಎಲ್ಲ ನಂಬರಿಗೂ ಕರೆ ಮಾಡಿ, ಮ್ಯಾಪ್ ಪಿನ್ ಹಿಡಿದು ಒಮ್ಮೆ ಬಂದು ನೋಡಿ. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿ ಡೇಟಾ ಉಳಿಸಿಕೊಳ್ಳುವ ಅವಧಿ ಮೊದಲಿಗೆ ಎರಡೇ ತಿಂಗಳು ಇರುತ್ತದೆ, ಅದನ್ನು 14 ತಿಂಗಳಿಗೆ ಏರಿಸುವುದು ಆಡಿಟ್‌ನ ಮೊದಲ ದಿನದ ಕೆಲಸ. ಜನ ಎಲ್ಲಿಂದ ಬಂದರು ಎಂದು ತಿಳಿಯಲು ಲಿಂಕಿನ ಕೊನೆಗೆ ಸೇರಿಸುವ ಯುಟಿಎಂ ಟ್ಯಾಗುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ಒಬ್ಬರು ಇನ್‌ಸ್ಟಾಗ್ರಾಂ ಎಂದು ದೊಡ್ಡಕ್ಷರದಿಂದ, ಇನ್ನೊಬ್ಬರು ಸಣ್ಣಕ್ಷರದಿಂದ, ಮತ್ತೊಬ್ಬರು ಐಜಿ ಎಂದು ಬರೆದರೆ ಒಂದೇ ಕಡೆಯಿಂದ ಬಂದವರು ಮೂರು ಸಾಲಾಗಿ ಹರಿದುಹೋಗುತ್ತಾರೆ.

ವಾಟ್ಸಾಪಿನಿಂದ ಬರುವವರು ಬಹುಪಾಲು 'ಡೈರೆಕ್ಟ್', ಅಂದರೆ ಎಲ್ಲಿಂದ ಬಂದರೆಂದು ಗೊತ್ತಿಲ್ಲದವರು, ಎಂದು ಕಾಣಿಸುತ್ತಾರೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಗ್ರೂಪು, ಶಾಲೆಯ ಪೇರೆಂಟ್ಸ್ ಗ್ರೂಪುಗಳಲ್ಲಿ ಓಡಾಡುವ ಫಾರ್ವರ್ಡಿನ ಬಲ ಯಾವ ಡ್ಯಾಶ್‌ಬೋರ್ಡಿನಲ್ಲೂ ಪೂರ್ತಿ ಕಾಣುವುದಿಲ್ಲ. ವಾಟ್ಸಾಪಿಗೆ ಬೇರೆಯೇ ಟ್ಯಾಗ್ ಮಾಡಿದ ಲಿಂಕ್ ಕೊಡಿ. ಜೊತೆಗೆ ಎನ್‌ಕ್ವೈರಿ ರಿಜಿಸ್ಟರಿನಲ್ಲಿ 'ಹೇಗೆ ಗೊತ್ತಾಯಿತು' ಎಂಬ ಒಂದು ಕಾಲಂ ಹಾಕಿಸಿ, ರಿಸೆಪ್ಷನ್‌ನಲ್ಲಿ ಕೂತವರು ಬಂದವರೆಲ್ಲರನ್ನೂ ಕೇಳಿ ಬರೆಯಲಿ. ಅಂಕಿಯನ್ನು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಾನೂನಿನ ಕಡೆ ಚಿಕ್ಕದಾಗಿ: ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡು ಹಾಕಿದ ರೀಲುಗಳನ್ನು ಪಟ್ಟಿ ಮಾಡಿ, ಅನುಮತಿ ಇಲ್ಲದವನ್ನು ತೆಗೆಯಿರಿ. ಮಕ್ಕಳ, ರೋಗಿಗಳ ಫೋಟೋ ಇರುವಲ್ಲಿ ಲಿಖಿತ ಒಪ್ಪಿಗೆ ಇದೆಯೇ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಹಣ ಕೊಟ್ಟು ಮಾಡಿಸಿದ ವ್ಲಾಗರ್ ಪೋಸ್ಟುಗಳಲ್ಲಿ ಅದು ಜಾಹೀರಾತು ಎಂಬ ಗುರುತು ಇರಬೇಕು.

ಈಗ ಬದಲಾವಣೆಯ ಮಾತು

ವರದಿ ಎರಡು ಪುಟ ಮೀರಬಾರದು, ಶೀಟುಗಳು ಜೊತೆಗಿರಲಿ. ಮೊದಲ ಪುಟದಲ್ಲಿ ರೀಚ್ ಮತ್ತು ವಿಚಾರಣೆ ಎರಡನ್ನೂ ಅಕ್ಕಪಕ್ಕ ಇಡಿ. ರೀಚ್ ಬಿದ್ದು ವಿಚಾರಣೆ ಅಷ್ಟೇ ಇದ್ದರೆ ನಿಮಗೆ ಸಂಬಂಧವಿಲ್ಲದ ಜನ ಉದುರಿಹೋಗಿದ್ದಾರೆ ಅಷ್ಟೇ. ಬಹುಮಾನದ ಆಸೆಗೆ ಸೇರಿಕೊಂಡ ದೆಹಲಿ, ಪುಣೆಯ ಗಿವ್‌ಅವೇ ಫಾಲೋವರ್‌ಗಳನ್ನು ಇಟ್ಟುಕೊಂಡು ಬಸವನಗುಡಿಯ ಸಂಗೀತ ಶಾಲೆಗೆ ಆಗಬೇಕಾದದ್ದೇನೂ ಇಲ್ಲ. ರೀಚ್ ಅಷ್ಟೇ ಇದ್ದು ವಿಚಾರಣೆ ಬಿದ್ದಿದ್ದರೆ ಲಿಂಕು, ನಂಬರು, ಉತ್ತರಿಸುವ ವೇಗ, ದರ ಇವುಗಳಲ್ಲಿ ಹುಡುಕಿ. ಎರಡೂ ಬಿದ್ದಿದ್ದರೆ, ಮೇಲೆ ಹೇಳಿದ ಹಬ್ಬ, ಅಳತೆಗೋಲು, ಬೂಸ್ಟ್ ನಿಂತದ್ದು ಇವ್ಯಾವುವೂ ಕಾರಣ ಅಲ್ಲದಿದ್ದರೆ, ಆಗ ಕಂಟೆಂಟ್ ಸ್ಟ್ರಾಟೆಜಿ ಬದಲಿಸುವುದಕ್ಕೆ ನಿಜವಾದ ಕಾರಣ ಸಿಕ್ಕಿದೆ.

ಬದಲಿಸುವಾಗಲೂ ಒಂದು ಸಲಕ್ಕೆ ಒಂದೇ. ಭಾಷೆ, ರೂಪ, ಪೋಸ್ಟಿನ ಸಂಖ್ಯೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಎಂಟರಿಂದ ಹನ್ನೆರಡು ವಾರ ಕೊಡಿ, ಮೂರರಲ್ಲಿ ಒಂದು ಪೋಸ್ಟು ಹಳೆಯ ಬಗೆಯದ್ದೇ ಇರಲಿ, ದಸರಾ ಅಥವಾ ಅಡ್ಮಿಷನ್ ಗಲಾಟೆಯ ನಡುವೆ ಶುರು ಮಾಡಬೇಡಿ. ಶುರುವಾದ ತಾರೀಕನ್ನು ಅದೇ ಶೀಟಿನಲ್ಲಿ ಬರೆಯಿರಿ. ಅಡ್ಮಿನ್‌ಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ, ಮತ್ತು ಯಾರಾದರೂ ಕೆಲಸ ಬಿಟ್ಟ ದಿನವೇ ತಿದ್ದಬೇಕು.

ಪಟ್ಟಿಯಲ್ಲಿ ಸಿಕ್ಕ ಅನಾಥ ಅಕೌಂಟುಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ. ಬಿಟ್ಟುಕೊಟ್ಟ ಯೂಸರ್‌ನೇಮನ್ನು ಬೇರೆಯವರು ಹಿಡಿದು ನಿಮ್ಮ ಹೆಸರಿನಲ್ಲಿ ಹಣ ಕೇಳುವ ಅಪಾಯ ಇದೆ. ಹೊಸ ಅಕೌಂಟಿನ ವಿಳಾಸ ಪಿನ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಸುಮ್ಮನೆ ಇಟ್ಟುಕೊಳ್ಳಿ. ಎರಡು ಫೇಸ್‌ಬುಕ್ ಪೇಜುಗಳನ್ನು ಮರ್ಜ್ ಮಾಡುವುದಾದರೆ, ಅಂದರೆ ಸೇರಿಸಿ ಒಂದಾಗಿಸುವುದಾದರೆ, ಎರಡರ ಹೆಸರೂ ಹತ್ತಿರ ಹತ್ತಿರ ಇರಬೇಕು. ಫಾಲೋವರ್‌ಗಳು ಮತ್ತು ಚೆಕ್-ಇನ್‌ಗಳು ಉಳಿಸಿಕೊಂಡ ಪೇಜಿಗೆ ಬರುತ್ತವೆ, ಬಿಟ್ಟ ಪೇಜಿನ ಪೋಸ್ಟು, ಫೋಟೋ, ರಿವ್ಯೂಗಳು ಅಳಿಸಿಹೋಗುತ್ತವೆ, ಮತ್ತೆ ಸಿಗುವುದಿಲ್ಲ. ಆ ಬಟನ್ ಒತ್ತುವ ಮುಂಚೆ ಬಿಡುವ ಪೇಜಿನ ಪೂರ್ತಿ ಪ್ರತಿಯನ್ನು ಇಳಿಸಿಕೊಂಡು, ಹಾರ್ಡ್ ಡಿಸ್ಕಿನಲ್ಲಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.